ಲೆಕ್ಕಕ್ಕೇ ಬಾರದ ವಲಸಿಗ ನೌಕರರು: ಕೆನಡಾದ ಸರ್ಕಾರಿ ಕಚೇರಿಗಳಲ್ಲಿ ಒಂದು ಬಳಗ ಯಾಕೆ ಬೇಕು?

ಕೆನಡಾದ 2021ರ ಜನಗಣತಿಯ ಪ್ರಕಾರ ಅಲ್ಲಿನ ಜನರಲ್ಲಿ ಶೇ. 23ರಷ್ಟು ಮಂದಿ ವಲಸಿಗರು. ಅಂದರೆ 83 ಲಕ್ಷಕ್ಕೂ ಜಾಸ್ತಿ ಜನ. 1867ರಲ್ಲಿ ಆ ದೇಶ ಒಕ್ಕೂಟವಾದ ಮೇಲೆ ಈ ಪ್ರಮಾಣ ಇಷ್ಟು ಮೇಲಕ್ಕೆ ಹೋದದ್ದು ಇದೇ ಮೊದಲು. ಹಾಗಾದರೆ ಅಲ್ಲಿನ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಎಷ್ಟು ವಲಸಿಗರಿದ್ದಾರೆ? ಅವರಲ್ಲಿ ಎಷ್ಟು ಮಂದಿ ಮ್ಯಾನೇಜರ್ ಆಗಿದ್ದಾರೆ? ಎಷ್ಟು ಮಂದಿ ಸೇರಿದ ಹುದ್ದೆಯಲ್ಲೇ ವರ್ಷಗಟ್ಟಲೆ ಕೂತಿದ್ದಾರೆ? ಇದಕ್ಕೆ ಉತ್ತರ ಕೊಡಲೇಬೇಕು ಅಂತ ಅಲ್ಲಿನ ಉದ್ಯೋಗ ಸಮಾನತೆಯ ಕಾನೂನು ಯಾವ ಇಲಾಖೆಗೂ ಹೇಳುವುದಿಲ್ಲ.

ಸರ್ಕಾರಿ ಕಚೇರಿಗಳಲ್ಲಿ ವಲಸಿಗ ನೌಕರರು ಸೇರಿ ಕಟ್ಟಿಕೊಳ್ಳುವ ಬಳಗಗಳ ಬಗ್ಗೆ ಮಾತಾಡುವಾಗ ನಾನು ಮೊದಲು ನೋಡುವುದು ಇದನ್ನೇ. ಹಬ್ಬದ ದಿನ ಸಿಹಿ ಹಂಚುವುದು, ವರ್ಷಕ್ಕೊಮ್ಮೆ ಭಾಷಣ ಏರ್ಪಡಿಸುವುದು ಚೆನ್ನಾಗಿಯೇ ಇದೆ. ಆದರೆ ಬಳಗ ಬೇಕಾಗಿರುವುದು ಅದಕ್ಕಲ್ಲ. ಬರಹದಲ್ಲಿ ಎಲ್ಲೂ ಇಲ್ಲದ ಕಚೇರಿಯ ಒಳಗುಟ್ಟುಗಳನ್ನು ಹೊಸಬರಿಗೆ ತಿಳಿಸಬೇಕು. ಒಬ್ಬೊಬ್ಬರೇ ನುಂಗಿಕೊಂಡ ಅನುಭವಗಳನ್ನು ಒಟ್ಟು ಮಾಡಿ, ಇದು ಒಬ್ಬರ ಕೊರತೆಯಲ್ಲ, ವ್ಯವಸ್ಥೆಯ ಅಡ್ಡಿ ಅಂತ ತೋರಿಸಬೇಕು. ಈ ಎರಡನ್ನು ಬೇರೆ ಯಾರೂ ಮಾಡುತ್ತಿಲ್ಲ.

ಅಲ್ಲಿನ ಉದ್ಯೋಗ ಸಮಾನತೆ ಕಾಯ್ದೆ ಬಂದದ್ದು 1986ರಲ್ಲಿ. 1995ರ ಹೊಸ ಕಾಯ್ದೆ ಕೇಂದ್ರ ಸರ್ಕಾರದ ನೌಕರರನ್ನೂ ಅದರೊಳಗೆ ತಂದಿತು. ಅದು ಹೆಸರಿಸುವ ಗುಂಪುಗಳು ನಾಲ್ಕೇ: ಮಹಿಳೆಯರು, ಮೂಲನಿವಾಸಿಗಳು, ಅಂಗವಿಕಲರು ಮತ್ತು ಬಿಳಿಯರಲ್ಲದ ಅಲ್ಪಸಂಖ್ಯಾತರು. ನಮ್ಮಲ್ಲಿನ ಮೀಸಲಾತಿಯಂತೆ ಇಷ್ಟು ಹುದ್ದೆ ಅಂತ ತೆಗೆದಿಡುವ ಕಾನೂನು ಇದಲ್ಲ. ಪ್ರತಿ ಗುಂಪಿನವರು ಎಷ್ಟಿದ್ದಾರೆ ಅಂತ ಎಣಿಸಬೇಕು, ಕಡಿಮೆ ಇದ್ದರೆ ಯಾವ ಅಡ್ಡಿಯಿಂದ ಅಂತ ಹುಡುಕಬೇಕು, ಆ ಅಡ್ಡಿಯನ್ನು ತೆಗೆಯಬೇಕು. ಇದು ಉದ್ಯೋಗದಾತರ ಕರ್ತವ್ಯ. ಎಲ್ಲವೂ ಶುರುವಾಗುವುದು ಎಣಿಕೆಯಿಂದ. ಆ ಎಣಿಕೆಯಲ್ಲಿ ವಲಸಿಗ ಅನ್ನುವ ಗುಂಪೇ ಇಲ್ಲ.

ಬಿಳಿಯರಲ್ಲದವರನ್ನು ಎಣಿಸಿದರೆ ವಲಸಿಗರನ್ನೂ ಎಣಿಸಿದಂತೆ ಆಗಲಿಲ್ಲವೇ ಅಂತ ಯಾರಾದರೂ ಕೇಳಬಹುದು. ಆಗುವುದಿಲ್ಲ. ಟೊರೊಂಟೊದಲ್ಲಿ ಹುಟ್ಟಿ, ಅಲ್ಲೇ ಓದಿ, ಅಲ್ಲಿನ ಇಂಗ್ಲಿಷ್‌ನಲ್ಲೇ ಬೆಳೆದ ಭಾರತೀಯ ಮೂಲದ ಹುಡುಗಿ ಈ ಗುಂಪಿಗೆ ಸೇರುತ್ತಾಳೆ. 38ನೇ ವಯಸ್ಸಿನಲ್ಲಿ ಮೈಸೂರಿನಿಂದ ಹೋದವರೂ ಅದೇ ಗುಂಪಿಗೆ ಸೇರುತ್ತಾರೆ. ಬಣ್ಣದ ಕಾರಣಕ್ಕೆ ಎದುರಾಗುವ ತಾರತಮ್ಯ ಇಬ್ಬರಿಗೂ ಒಂದೇ ಇರಬಹುದು. ಆದರೆ ಪದವಿಯ ಮೌಲ್ಯಮಾಪನ, ಉಚ್ಚಾರಣೆ, ಹಿಂದಿನ ದೇಶದ ಅನುಭವಕ್ಕೆ ಬೆಲೆ ಇಲ್ಲದಿರುವುದು, ಊರಲ್ಲಿರುವ ಅಪ್ಪ ಅಮ್ಮ, ಇವೆಲ್ಲ ಎರಡನೆಯವರ ಪಾಡು ಮಾತ್ರ. ಇನ್ನೊಂದು ಕಡೆ ಉಕ್ರೇನ್‌ನಿಂದಲೋ ರೊಮೇನಿಯಾದಿಂದಲೋ ಬಂದವರಿಗೂ ಇದೇ ಪಾಡು. ಅವರು ಬಿಳಿಯರಾದ್ದರಿಂದ ಯಾವ ಎಣಿಕೆಗೂ ಸಿಗುವುದಿಲ್ಲ. 2023ರ ಡಿಸೆಂಬರ್‌ನಲ್ಲಿ ಪ್ರೊಫೆಸರ್ ಅಡೆಲ್ ಬ್ಲ್ಯಾಕೆಟ್ ನೇತೃತ್ವದ ಕಾರ್ಯಪಡೆ ಈ ಕಾಯ್ದೆಯ ಪರಿಶೀಲನಾ ವರದಿ ಕೊಟ್ಟಿತು. ಕಪ್ಪು ಜನರನ್ನೂ ಲೈಂಗಿಕ ಅಲ್ಪಸಂಖ್ಯಾತರನ್ನೂ ಪ್ರತ್ಯೇಕ ಗುಂಪುಗಳಾಗಿ ಸೇರಿಸಬೇಕು ಅಂತ ಅದು ಶಿಫಾರಸು ಮಾಡಿತು. ಬಹಳ ಒಳ್ಳೆಯ ಶಿಫಾರಸು. ಅಲ್ಲೂ ವಲಸಿಗರು ಒಂದು ಗುಂಪಾಗಲಿಲ್ಲ.

ಬಾಗಿಲು ತೆರೆದದ್ದು 2021ರಲ್ಲಿ

ಅದಕ್ಕೂ ಮೊದಲು ಕೇಂದ್ರ ಸರ್ಕಾರದ ಬಹಿರಂಗ ನೇಮಕಾತಿಯಲ್ಲಿ ಮಾಜಿ ಸೈನಿಕರಾದ ಮೇಲೆ ಪೌರರಿಗೇ ಆದ್ಯತೆ. ಪಿಆರ್, ಅಂದರೆ ಪೌರತ್ವ ಇಲ್ಲದೆಯೂ ಕಾಯಂ ಆಗಿ ನೆಲೆಸುವ ಅನುಮತಿ ಇದ್ದವರು ಅರ್ಜಿ ಹಾಕಬಹುದಿತ್ತು ನಿಜ. ಆದರೆ ಅರ್ಹ ಪೌರರು ಇದ್ದರೆ ಅವರ ಸರದಿ ಬರುತ್ತಿರಲಿಲ್ಲ. ಈ ನಿಯಮವನ್ನು ಕೆಲವರು ಕೋರ್ಟಿಗೆ ಒಯ್ದರು. ಲಾವೊಯ್ ಪ್ರಕರಣ ಅಂತಲೇ ಅದು ಹೆಸರಾಗಿದೆ. 2002ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಪೌರರ ಆದ್ಯತೆಯನ್ನೇ ಎತ್ತಿಹಿಡಿಯಿತು. ಹತ್ತೊಂಬತ್ತು ವರ್ಷದ ನಂತರ, 2021ರ ಜೂನ್ ಕೊನೆಯಲ್ಲಿ, ಸಂಸತ್ತು ಕಾಯ್ದೆಯನ್ನೇ ತಿದ್ದಿ ಪಿಆರ್ ಇರುವವರನ್ನು ಪೌರರ ಸಮಕ್ಕೆ ತಂದಿತು. ಪೌರತ್ವಕ್ಕೆ ಅರ್ಜಿ ಹಾಕಬೇಕಾದರೆ ಐದು ವರ್ಷದಲ್ಲಿ 1,095 ದಿನ ಆ ದೇಶದಲ್ಲಿ ಇದ್ದಿರಬೇಕು. ಹೊಸ ದೇಶದಲ್ಲಿ ಕೆಲಸ ಅತಿ ಜರೂರಾಗಿ ಬೇಕಾಗುವ ಆ ಮೊದಲ ಮೂರು ವರ್ಷಕ್ಕೆ ಈ ತಿದ್ದುಪಡಿ ಬಾಗಿಲು ತೆರೆಯಿತು. ಇದು ದೊಡ್ಡ ಬದಲಾವಣೆ. ಇದಕ್ಕೆ ಸಿಗಬೇಕಾದಷ್ಟು ಮಾತು ಸಿಗಲಿಲ್ಲ ಅಂತ ನನಗೆ ಅನಿಸುತ್ತದೆ.

ಬಾಗಿಲು ತೆರೆಯಿತು. ಒಳಗೆ ಹೋಗುವ ದಾರಿ ಮಾತ್ರ ಹಳೆಯದೇ. ಕೇಂದ್ರದ ಕೆಲಸಕ್ಕೆ ಭದ್ರತಾ ಪರಿಶೀಲನೆ ಆಗಲೇಬೇಕು. ಅತಿ ಕೆಳಗಿನ ಹಂತಕ್ಕೆ 5 ವರ್ಷದ ಹಿನ್ನೆಲೆ ಕೇಳುತ್ತಾರೆ. ಗೋಪ್ಯ ಹಂತಕ್ಕೆ 10 ವರ್ಷದ್ದು. ಆರು ವರ್ಷದ ಹಿಂದೆ ಬಂದವರು ಎರಡನೆಯದಕ್ಕೆ ಬೇರೆ ದೇಶದ ವಿಳಾಸಗಳು, ಪೊಲೀಸ್ ದಾಖಲೆ, ಹಳೆ ಕಂಪನಿಯ ಸಂಪರ್ಕ ಎಲ್ಲ ಒದಗಿಸಬೇಕಾಗುತ್ತದೆ. ತಪ್ಪು ಮಾಡಿದ್ದಾರೆ ಅಂತಲ್ಲ, ಪರಿಶೀಲಿಸಲು ಹೊತ್ತು ಹಿಡಿಯುತ್ತದೆ. ಆ ಹೊತ್ತು ಕಾಯಲು ಮ್ಯಾನೇಜರ್‌ಗೆ ಇಷ್ಟವಿಲ್ಲದಿದ್ದರೆ, ಪಟ್ಟಿಯಲ್ಲಿರುವ ಇನ್ನೊಬ್ಬರಿಗೆ ಕೆಲಸ ಹೋಗುತ್ತದೆ. ಯಾರೂ ಯಾರನ್ನೂ ತಿರಸ್ಕರಿಸಿದಂತೆ ಕಾಣುವುದೇ ಇಲ್ಲ.

ಮ್ಯಾನೇಜರ್‌ಗೆ ಹಾಗೆ ಮಾಡುವ ಅಧಿಕಾರ ಇದೆಯೇ? ಇದೆ. ಹೊಸಬರಿಗೆ ಅರ್ಥವೇ ಆಗದಿರುವುದು ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಭಾರತದಲ್ಲಿ ಸರ್ಕಾರಿ ನೌಕರಿ ಅಂದರೆ ಪರೀಕ್ಷೆ, ಅಂಕ, ರ‍್ಯಾಂಕ್. ಹೆಚ್ಚು ಅಂಕ ಬಂದವರಿಗೆ ಮೊದಲು ಹುದ್ದೆ. ಅದನ್ನೇ ತಲೆಯಲ್ಲಿ ಇಟ್ಟುಕೊಂಡು ಹೋದವರಿಗೆ ಕೆನಡಾದ ಪದ್ಧತಿ ವಿಚಿತ್ರ ಅನಿಸುತ್ತದೆ. ಅಲ್ಲೂ ಹಿಂದೆ ಅಭ್ಯರ್ಥಿಗಳನ್ನು ಅಂಕದ ಕ್ರಮದಲ್ಲಿ ನಿಲ್ಲಿಸುತ್ತಿದ್ದರು. 2003ರ ಸಾರ್ವಜನಿಕ ಸೇವಾ ಉದ್ಯೋಗ ಕಾಯ್ದೆ ಅದನ್ನು ಕೈಬಿಟ್ಟಿತು. ಈಗ ಹುದ್ದೆಗೆ ಬೇಕಾದ ಕನಿಷ್ಠ ಅರ್ಹತೆಗಳು ಇದ್ದರೆ ಸಾಕು, ಅವರು ಯೋಗ್ಯರು. ಅಂಥ ಯೋಗ್ಯರ ಪಟ್ಟಿಯಿಂದ ಯಾರನ್ನು ಆರಿಸಬೇಕು ಅನ್ನುವುದು ಮ್ಯಾನೇಜರ್‌ಗೆ ಬಿಟ್ಟದ್ದು. ಈ ಪಟ್ಟಿಯನ್ನು ಅಲ್ಲಿ ಪೂಲ್ ಅನ್ನುತ್ತಾರೆ. ನಿಮ್ಮ ಹೆಸರು ಪೂಲ್‌ನಲ್ಲಿ ಬಂದರೆ ಕೆಲಸ ಸಿಕ್ಕಿತು ಅಂತಲ್ಲ. ಯಾರಾದರೂ ಕರೆಯಬೇಕು. ಒಂದೇ ಹೆಸರನ್ನು ಪರಿಗಣಿಸಿ, ಜಾಹೀರಾತೇ ಇಲ್ಲದೆ ನೇಮಿಸಲೂ ಕಾಯ್ದೆ ಅವಕಾಶ ಕೊಡುತ್ತದೆ.

ಬಡ್ತಿಯ ದಾರಿಯೂ ಹೀಗೇ. ಮೇಲಿನ ಹುದ್ದೆಯವರು ರಜೆಯಲ್ಲಿದ್ದರೆ ಕೆಳಗಿನವರಿಗೆ ಪ್ರಭಾರ ಕೊಡುತ್ತಾರೆ. ನಾಲ್ಕು ತಿಂಗಳಿಗಿಂತ ಕಡಿಮೆ ಪ್ರಭಾರಕ್ಕೆ ಅರ್ಹತಾ ಪರೀಕ್ಷೆಯ ನಿಯಮಗಳೇ ಅನ್ವಯಿಸುವುದಿಲ್ಲ. ಮ್ಯಾನೇಜರ್ ಯಾರನ್ನು ನೆನಪಿಸಿಕೊಂಡರೋ ಅವರಿಗೆ ಹೋಯಿತು. ನೋಡಲು ಸಣ್ಣ ವಿಷಯ. ಆದರೆ ಮುಂದೆ ಆ ಹುದ್ದೆ ಖಾಲಿಯಾದಾಗ ಜಾಹೀರಾತಿನಲ್ಲಿ ಕೇಳುವುದು ಅದೇ ಅನುಭವವನ್ನು. ಪ್ರಭಾರ ಸಿಕ್ಕವರಿಗೆ ಅದು ಇರುತ್ತದೆ, ಸಿಗದವರಿಗೆ ಇರುವುದಿಲ್ಲ. ಮಧ್ಯಾಹ್ನದ ಊಟಕ್ಕೆ ಜೊತೆಗೆ ಹೋಗುವವರು, ಹಾಕಿ ಆಟದ ಬಗ್ಗೆ ಹರಟುವವರು, ಒಂದೇ ಕಾಲೇಜಿನಲ್ಲಿ ಓದಿದವರು ನೆನಪಿಗೆ ಮೊದಲು ಬರುತ್ತಾರೆ. ದುರುದ್ದೇಶ ಬೇಕಾಗಿಯೇ ಇಲ್ಲ.

ಕಾಯ್ದೆ ಓದಿದರೆ ಇದರ ಪಾಠ ಸಿಗುವುದಿಲ್ಲ. ಬಲ್ಲವರು ಹೇಳಿಕೊಡಬೇಕು. ಪೂಲ್‌ನಲ್ಲಿ ಹೆಸರು ಬಂದ ಮೇಲೆ ಸುಮ್ನೆ ಕೂರಬಾರದು, ಮ್ಯಾನೇಜರ್‌ಗಳಿಗೆ ತಾವೇ ಬರೆಯಬೇಕು, ಅದು ಅಲ್ಲಿ ವಶೀಲಿ ಅಲ್ಲ, ವಾಡಿಕೆ. ಅರ್ಜಿಯಲ್ಲಿ ತಂಡ ನಡೆಸಿದ್ದೇನೆ ಅಂತ ಬರೆದರೆ ಸಾಲದು. ಯಾವಾಗ, ಎಲ್ಲಿ, ಎಷ್ಟು ಜನರ ತಂಡ, ತಾವು ಏನು ಮಾಡಿದಿರಿ, ಅದರಿಂದ ಏನಾಯಿತು, ಎಲ್ಲವೂ ಬೇಕು. ಇಲ್ಲದಿದ್ದರೆ ಮೊದಲ ಹಂತದಲ್ಲೇ ಅರ್ಜಿ ಬಿದ್ದುಹೋಗುತ್ತದೆ. ಸಂದರ್ಶನದಲ್ಲಿ ನಾವು ಮಾಡಿದೆವು ಅನ್ನುವವರಿಗೆ ಅಂಕ ಇಲ್ಲ, ನಾನು ಮಾಡಿದೆ ಅನ್ನಬೇಕು. ತಮ್ಮನ್ನು ತಾವೇ ಹೊಗಳಿಕೊಳ್ಳಬಾರದು ಅಂತ ಬೆಳೆದವರಿಗೆ ಇದು ನಾಲಿಗೆಯ ಮೇಲೆ ಬರುವುದೇ ಕಷ್ಟ. ಬಳಗದಲ್ಲಿ ಒಬ್ಬರು ಅರ್ಧ ಗಂಟೆ ಕೂತು ಅಭ್ಯಾಸ ಮಾಡಿಸಿದರೆ, ವರ್ಷಗಳ ತಡಕಾಟ ತಪ್ಪುತ್ತದೆ.

ಅಭ್ಯರ್ಥಿಗಳು ಎಲ್ಲಿ ಜಾರುತ್ತಾರೆ ಅಂತ ಅಳೆದು ನೋಡಿದ ಒಂದು ಉದಾಹರಣೆಯೂ ಇದೆ. ಅಲ್ಲಿನ ಸಾರ್ವಜನಿಕ ಸೇವಾ ಆಯೋಗ 2021ರಲ್ಲಿ ನೇಮಕಾತಿಯ ಲೆಕ್ಕಪರಿಶೋಧನೆಯೊಂದನ್ನು ಪ್ರಕಟಿಸಿತು. ಅರ್ಜಿಯಿಂದ ನೇಮಕದವರೆಗೆ ಯಾವ ಹಂತದಲ್ಲಿ ಯಾವ ಗುಂಪಿನವರು ಕಡಿಮೆಯಾಗುತ್ತಾರೆ ಅಂತ ಅದು ಹಿಂಬಾಲಿಸಿ ನೋಡಿತು. ಕಪ್ಪು ಅಭ್ಯರ್ಥಿಗಳು ಬೇರೆ ಅಲ್ಪಸಂಖ್ಯಾತರಿಗಿಂತಲೂ ಜಾಸ್ತಿ ಹೊರಬೀಳುತ್ತಿದ್ದರು ಅನ್ನುವುದು ಅದರಿಂದ ಗೊತ್ತಾಯಿತು. ಗುಂಪನ್ನು ಬಿಡಿಸಿ ಎಣಿಸಿದ್ದಕ್ಕೇ ಅದು ಕಂಡಿತು. ಹೊರದೇಶದಲ್ಲಿ ಓದಿದವರನ್ನು ಹೀಗೆ ಹಂತ ಹಂತವಾಗಿ ಹಿಂಬಾಲಿಸಿದರೆ ಏನು ಕಾಣುತ್ತದೆ? ಬಳಗಗಳು ಪಟ್ಟು ಹಿಡಿದು ಕೇಳಬೇಕಾದ ಪ್ರಶ್ನೆ ಇದು.

ಇನ್ನು ಭಾಷೆ. ಕೇಂದ್ರದ ಹುದ್ದೆಗಳಲ್ಲಿ ಸುಮಾರು ಶೇ. 40ಕ್ಕೆ ಇಂಗ್ಲಿಷ್ ಮತ್ತು ಫ್ರೆಂಚ್ ಎರಡೂ ಬೇಕು. ಓದು, ಬರಹ, ಮಾತು ಮೂರಕ್ಕೂ ಎ, ಬಿ, ಸಿ ಹಂತಗಳಿವೆ. ದ್ವಿಭಾಷಾ ಪ್ರದೇಶಗಳಲ್ಲಿ ಮೇಲ್ವಿಚಾರಕರ ಹುದ್ದೆಗೆ 2025ರ ಜೂನ್‌ನಿಂದ ಓದು ಮತ್ತು ಮಾತಿನಲ್ಲಿ ಅತಿ ಮೇಲಿನ ಹಂತವೇ ಬೇಕು. ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್ ನಾಲ್ಕನ್ನೂ ಸಲೀಸಾಗಿ ಆಡುವವರು ಆ ಲೆಕ್ಕದಲ್ಲಿ ಏಕಭಾಷಿಕರು. ಫ್ರೆಂಚ್ ಮಾತಾಡುವವರ ಹಕ್ಕು ಆ ದೇಶದ ಬುನಾದಿಯಲ್ಲೇ ಇದೆ, ಅದನ್ನು ನಾನು ಪ್ರಶ್ನಿಸುವುದಿಲ್ಲ. ನಮ್ಮ ನುಡಿಗೆ ಕಚೇರಿಯಲ್ಲಿ ಜಾಗ ಬೇಕು ಅಂತ ಹೋರಾಡುವ ಕನ್ನಡಿಗರಿಗೆ ಇದು ಚೆನ್ನಾಗಿಯೇ ಅರ್ಥವಾಗುತ್ತದೆ, ಅಲ್ವಾ? ತಕರಾರು ಇರುವುದು ತರಬೇತಿಯ ಹಂಚಿಕೆಯಲ್ಲಿ. ಕಚೇರಿಯ ಸಮಯದಲ್ಲಿ, ಕಚೇರಿಯ ಖರ್ಚಿನಲ್ಲಿ ಫ್ರೆಂಚ್ ಕಲಿಯಲು ಯಾರನ್ನು ಕಳಿಸಬೇಕು ಅನ್ನುವುದನ್ನು ಮತ್ತೆ ಮ್ಯಾನೇಜರ್‌ಗಳೇ ತೀರ್ಮಾನಿಸುತ್ತಾರೆ. ಮುಂದೆ ಬರುವವರು ಅಂತ ಮೊದಲೇ ಗುರುತಿಸಿಕೊಂಡವರಿಗೆ ಅದು ಸುಲಭವಾಗಿ ಸಿಗುತ್ತದೆ. ಉಳಿದವರು ಸಂಜೆ ಮಕ್ಕಳನ್ನು ಮಲಗಿಸಿ ತಾವೇ ಕಲಿಯಬೇಕು.

ರಜೆ, ಪಿಂಚಣಿ, ಸಾವು

ದೊಡ್ಡ ನೀತಿಗಳ ಮಾತಿನಲ್ಲಿ ಈ ಸಂಗತಿಗಳು ಕಳೆದುಹೋಗುತ್ತವೆ. ನನಗೆ ಅತಿ ಮುಖ್ಯ ಅನಿಸುವುದು ಇವೇ.

ಕೇಂದ್ರ ನೌಕರರ ಹಲವು ವೇತನ ಒಪ್ಪಂದಗಳಲ್ಲಿ ಮನೆಯ ಹತ್ತಿರದವರು ತೀರಿಕೊಂಡರೆ ಸತತ ಏಳು ದಿನದ ರಜೆ ಇದೆ. ಪ್ರಯಾಣಕ್ಕೆ ಮೇಲೆ ಮೂರು ದಿನದವರೆಗೆ ಸಿಗುತ್ತದೆ. ಪಕ್ಕದ ಪ್ರಾಂತ್ಯದಲ್ಲಿ ಮನೆ ಇರುವವರಿಗೆ ಇದು ಧಾರಾಳ. ಒಟ್ಟಾವಾದಿಂದ ಬೆಂಗಳೂರಿಗೆ ಬಂದು, ಅಲ್ಲಿಂದ ಊರಿಗೆ ಹೋಗಿ, ಕರ್ಮಾಂತರ ಮುಗಿಸಿ, ಒಬ್ಬಂಟಿಯಾದ ಅಮ್ಮನ ಬ್ಯಾಂಕ್ ಖಾತೆ, ಪಿಂಚಣಿ, ಔಷಧಿಗೆ ಒಂದು ವ್ಯವಸ್ಥೆ ಮಾಡಿ ವಾಪಸು ಹೋಗಬೇಕಾದ ಮಗನಿಗೆ? ವೈಕುಂಠ ಸಮಾರಾಧನೆಯ ಹೊತ್ತಿಗೇ ರಜೆ ಮುಗಿದಿರುತ್ತದೆ. ಊರಿನಿಂದಲೇ ಕೆಲಸ ಮಾಡುತ್ತೇನೆ ಅಂದರೆ ಆಗುವುದಿಲ್ಲ. ಸರ್ಕಾರದ ಲ್ಯಾಪ್‌ಟಾಪನ್ನು ಬೇರೆ ದೇಶಕ್ಕೆ ಒಯ್ಯಲು ಭದ್ರತೆಯ ಅನುಮತಿ ಬೇಕು.

ಇಂಥ ಹೊತ್ತಿನಲ್ಲಿ ದಾರಿ ಇಲ್ಲವೇ ಇಲ್ಲ ಅಂತಲ್ಲ. ಹಲವು ಒಪ್ಪಂದಗಳಲ್ಲಿ ಸ್ವಂತ ಅಗತ್ಯಕ್ಕೆ ಅಂತ ಸಂಬಳವಿಲ್ಲದ ರಜೆ ಇದೆ. ಮೂರು ತಿಂಗಳವರೆಗೆ ಒಮ್ಮೆ, ಒಂದು ವರ್ಷದವರೆಗೆ ಇನ್ನೊಮ್ಮೆ ತೆಗೆದುಕೊಳ್ಳಬಹುದು. ಅಪ್ಪ ಆಸ್ಪತ್ರೆಯಲ್ಲಿದ್ದಾರೆ ಅಂತ ಫೋನ್ ಬಂದ ರಾತ್ರಿ ಇದನ್ನೆಲ್ಲ ಯಾರು ಹುಡುಕುತ್ತಾರೆ? ಎಷ್ಟೋ ಮಂದಿ ರಾಜೀನಾಮೆ ಕೊಡುವ ಯೋಚನೆ ಮಾಡುವುದೇ ಈ ಗೊತ್ತಿಲ್ಲದ ಕಾರಣಕ್ಕೆ. ಒಂದು ಸಂದೇಶ ಕಳಿಸಿದರೆ, ಈ ದಾರಿ ನಡೆದು ಬಂದ ಒಬ್ಬರು ಯಾವ ನಮೂನೆ, ಯಾರಿಗೆ ಕೊಡಬೇಕು ಅಂತ ಬೆಳಗಾಗುವುದರೊಳಗೆ ಹೇಳುವಂತಿದ್ದರೆ, ಆ ಬಳಗ ಸಾರ್ಥಕ.

ಪಿಂಚಣಿಯನ್ನೂ ನೋಡಿ. ಸೇವೆಯ ಪ್ರತಿ ವರ್ಷಕ್ಕೆ ಸುಮಾರು ಶೇ. 2ರಂತೆ, ಗರಿಷ್ಠ 35 ವರ್ಷಕ್ಕೆ ಲೆಕ್ಕ ಹಾಕುತ್ತಾರೆ. 25ಕ್ಕೆ ಸೇರಿದವರಿಗೆ 60ರ ಹೊತ್ತಿಗೆ ಪೂರ್ತಿ ಆಗುತ್ತದೆ. 42ಕ್ಕೆ ಸೇರಿದ ವಲಸಿಗರಿಗೆ 65ಕ್ಕೆ 23 ವರ್ಷ ಮಾತ್ರ. ಹಿಂದಿನ ದೇಶದಲ್ಲಿ ಖಾಸಗಿ ಕಂಪನಿಯಲ್ಲಿ ದುಡಿದ ವರ್ಷಗಳು ಇಲ್ಲಿ ಬರುವುದಿಲ್ಲ. ವೃದ್ಧಾಪ್ಯ ಭದ್ರತಾ ಪಿಂಚಣಿ ಅಂತ ಇನ್ನೊಂದಿದೆ. ಅದು ಪೂರ್ತಿ ಸಿಗಬೇಕಾದರೆ 18 ತುಂಬಿದ ಮೇಲೆ 40 ವರ್ಷ ಕೆನಡಾದಲ್ಲಿ ಇದ್ದಿರಬೇಕು. ಹಾಗಾಗಿ ತಡವಾಗಿ ಬಂದವರಿಗೆ ಎರಡೂ ಕಡೆ ಕಡಿಮೆ. ಇದು ಅನ್ಯಾಯವೋ ಅಲ್ಲವೋ ಅನ್ನುವುದು ಬೇರೆ ಚರ್ಚೆ. ಸೇರಿದ ಮೊದಲ ವರ್ಷವೇ ಗೊತ್ತಾದರೆ ಬೇರೆ ಉಳಿತಾಯ ಮಾಡಿಕೊಳ್ಳಬಹುದು. 58ರಲ್ಲಿ ಗೊತ್ತಾದರೆ ಮಾಡಲು ಏನೂ ಉಳಿದಿರುವುದಿಲ್ಲ.

ಬಳಗ ಯೂನಿಯನ್ ಅಲ್ಲ

ಕಚೇರಿಯೊಳಗೆ ಇಂಥ ಕೂಟಗಳು ಹುಟ್ಟಿದ್ದು ಅಮೆರಿಕದಲ್ಲಿ. 1964ರಲ್ಲಿ ರಾಚೆಸ್ಟರ್ ನಗರದಲ್ಲಿ ಜನಾಂಗೀಯ ಗಲಭೆ ಆಯಿತು. ಅದೇ ನಗರದ ಜೆರಾಕ್ಸ್ ಕಂಪನಿಯ ಕಪ್ಪು ನೌಕರರು ಮುಂದಿನ ವರ್ಷಗಳಲ್ಲಿ ಸಂಘಟಿತರಾಗಿ, 1970ರ ಹೊತ್ತಿಗೆ ರಾಷ್ಟ್ರಮಟ್ಟದ ಕೂಟ ಕಟ್ಟಿದರು. ಅಮೆರಿಕದ ಸರ್ಕಾರಿ ಕಚೇರಿಗಳ ಕಪ್ಪು ನೌಕರರು 1975ರಲ್ಲಿ ತಮ್ಮದೇ ಸಂಘಟನೆ ಮಾಡಿಕೊಂಡರು. ಕೆನಡಾದ ಕೇಂದ್ರ ಸೇವೆಯಲ್ಲಿ ಕಪ್ಪು ನೌಕರರ ಕಾಕಸ್ ಅನ್ನುವ ಕೂಟ 2017ರಲ್ಲಿ ಶುರುವಾಯಿತು. ಮುಸ್ಲಿಂ ನೌಕರರದ್ದು, ಏಷ್ಯಾ ಮೂಲದವರದ್ದು, ಹೀಗೆ ಬೇರೆ ಬಳಗಗಳೂ ಇವೆ.

ಇವು ಯಾವುವೂ ಯೂನಿಯನ್ ಅಲ್ಲ. ಸಂಬಳದ ಮಾತುಕತೆ ನಡೆಸುವ ಹಕ್ಕಾಗಲಿ, ನೌಕರರ ಪರವಾಗಿ ದೂರಿನ ವಿಚಾರಣೆಯಲ್ಲಿ ವಾದಿಸುವ ಅಧಿಕಾರವಾಗಲಿ ಬಳಗಕ್ಕಿಲ್ಲ. ಕಿರುಕುಳ ಆದರೆ 2021ರ ಜನವರಿಯಲ್ಲಿ ಜಾರಿಗೆ ಬಂದ ಕಿರುಕುಳ ಮತ್ತು ಹಿಂಸೆ ತಡೆ ನಿಯಮಗಳ ಪ್ರಕಾರ ದೂರು ಕೊಡಬೇಕು, ಯೂನಿಯನ್ ಪ್ರತಿನಿಧಿಯನ್ನು ಜೊತೆಗೆ ಇಟ್ಟುಕೊಳ್ಳಬೇಕು. ಬಳಗದ ಸಭೆಯಲ್ಲಿ ಹೇಳಿಕೊಂಡದ್ದು ದೂರಾಗಿ ದಾಖಲಾಗುವುದಿಲ್ಲ. ಇದನ್ನು ಮೊದಲ ದಿನವೇ ಸದಸ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ಬಳಗದವರಿಗೆ ಹೇಳಿದ್ದೇನೆ, ಅವರು ನೋಡಿಕೊಳ್ಳುತ್ತಾರೆ ಅಂತ ಕಾದು ದೂರಿನ ಗಡುವು ಕಳೆದುಕೊಂಡರೆ ಅದಕ್ಕಿಂತ ದೊಡ್ಡ ನಷ್ಟ ಇಲ್ಲ.

ಆದರೂ ಒಂದು ಕೆಲಸದಲ್ಲಿ ಬಳಗಕ್ಕೆ ಯೂನಿಯನ್‌ಗಿಂತ ಜಾಸ್ತಿ ಅನುಕೂಲ ಇದೆ. ದೂರು ಅಂತ ಕರೆಯಲು ಆಗದ ಸಣ್ಣ ಸಣ್ಣ ಸಂಗತಿಗಳು ಅಲ್ಲಿ ಒಟ್ಟಾಗುತ್ತವೆ. ಕೆನಡಾದ ವಲಸೆ ಇಲಾಖೆಯನ್ನೇ ನೋಡಿ. ಲಕ್ಷಾಂತರ ವಲಸಿಗರ ಅರ್ಜಿ ತೀರ್ಮಾನಿಸುವ ಇಲಾಖೆ ಅದು. ಅಲ್ಲಿನ ನೌಕರರ ಗುಂಪುಗಳನ್ನು ಕೂರಿಸಿ ಪೊಲ್ಲಾರಾ ಅನ್ನುವ ಸಮೀಕ್ಷಾ ಸಂಸ್ಥೆ 2021ರಲ್ಲಿ ಮಾತಾಡಿಸಿತು. ಜನಾಂಗೀಯ ತಾರತಮ್ಯದ ಮಾತು, ನಡವಳಿಕೆ, ಬಡ್ತಿಯಲ್ಲಿ ಹಿಂದೆ ಬೀಳುವುದು, ಎಲ್ಲವೂ ಹೊರಬಂತು. ಕೆಲವು ಆಫ್ರಿಕನ್ ದೇಶಗಳನ್ನು ಕೊಳಕು ಮೂವತ್ತು ಅಂತ ಸಹೋದ್ಯೋಗಿಗಳು ಕರೆಯುತ್ತಾರೆ ಅನ್ನುವ ಮಾತೂ ವರದಿಯಲ್ಲಿತ್ತು. ಇದನ್ನು ಒಬ್ಬರು ಒಂಟಿಯಾಗಿ ಹೇಳಿದ್ದರೆ ಅತಿ ಸೂಕ್ಷ್ಮ ಸ್ವಭಾವ ಅಂತ ತಳ್ಳಿಬಿಡುತ್ತಿದ್ದರು. ಹತ್ತು ಕಡೆಯಿಂದ ಒಂದೇ ಮಾತು ಬಂದದ್ದರಿಂದ ತಳ್ಳಲು ಆಗಲಿಲ್ಲ.

ಬಳಗದ ಒಳಗೂ ಎಲ್ಲ ಸಮ ಅಂತ ಅಂದುಕೊಳ್ಳಬಾರದು. ವಲಸೆ ಹೋದವರು ಜಾತಿಯನ್ನೂ ಪೆಟ್ಟಿಗೆಯಲ್ಲಿ ಒಯ್ಯುತ್ತಾರೆ. ಟೊರೊಂಟೊ ಜಿಲ್ಲಾ ಶಾಲಾ ಮಂಡಳಿ 2023ರಲ್ಲಿ ಜಾತಿ ತಾರತಮ್ಯದ ವಿಷಯ ಕೈಗೆತ್ತಿಕೊಂಡಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಒಂಟಾರಿಯೊ ಮಾನವ ಹಕ್ಕು ಆಯೋಗ ಜಾತಿ ತಾರತಮ್ಯವೂ ತನ್ನ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಅಂತ ಸ್ಪಷ್ಟಪಡಿಸಿತು. ಒಂದು ದೇಶದವರೇ, ಅದರಲ್ಲೂ ಒಂದು ವರ್ಗದವರೇ ಬಳಗದ ಎಲ್ಲ ಸ್ಥಾನಗಳಲ್ಲಿ ಕೂತರೆ, ಹೊರಗೆ ಕೇಳುವ ನ್ಯಾಯವನ್ನು ಒಳಗೆ ಕೊಡದಂತೆ ಆಗುತ್ತದೆ. ಹೈಟಿಯಿಂದ ಬಂದವರು, ನಿರಾಶ್ರಿತರಾಗಿ ಬಂದವರು, ದಲಿತ ಹಿನ್ನೆಲೆಯವರು ಧೈರ್ಯವಾಗಿ ಮಾತಾಡುತ್ತಾರೆಯೇ ಅನ್ನುವುದನ್ನು ಬಳಗ ತಾನೇ ಕೇಳಿಕೊಳ್ಳುತ್ತಿರಬೇಕು.

ಇನ್ನೊಂದು ಕಷ್ಟ ಹೊತ್ತಿನದ್ದು. ಈ ಕೆಲಸಕ್ಕೆ ಸಂಬಳ ಇಲ್ಲ. ಸ್ವಂತ ಕೆಲಸ ಮುಗಿಸಿ, ಉಳಿದ ಹೊತ್ತಿನಲ್ಲಿ ಮಾಡಬೇಕು. ವರ್ಷದ ಮೌಲ್ಯಮಾಪನದಲ್ಲಿ ಇದಕ್ಕೆ ಜಾಗವೂ ಇರುವುದಿಲ್ಲ. ಸರ್ಕಾರಿ ಸೇವೆಯ ಮುಖ್ಯಸ್ಥರಾಗಿದ್ದ ಇಯಾನ್ ಶುಗಾರ್ಟ್ 2021ರ ಜನವರಿಯಲ್ಲಿ ಜನಾಂಗೀಯ ತಾರತಮ್ಯದ ವಿರುದ್ಧ ಕ್ರಮಕ್ಕೆ ಕರೆ ಕೊಟ್ಟರು. ಆ ಕರೆಯನ್ನು ಕೆಳಗೆ ನಿಭಾಯಿಸಬೇಕಾದವರಲ್ಲಿ ಇಂಥ ಬಳಗಗಳ ಸ್ವಯಂಸೇವಕರೂ ಇದ್ದರು. ತಾರತಮ್ಯ ಅನುಭವಿಸಿದವರೇ ಅದನ್ನು ಪುಕ್ಕಟೆಯಾಗಿ ಸರಿಪಡಿಸಬೇಕು ಅನ್ನುವುದು ನನಗೆ ಸರಿ ಕಾಣುವುದಿಲ್ಲ. ವಾರಕ್ಕೆ ಇಷ್ಟು ಗಂಟೆ ಅಂತ ಕಚೇರಿಯ ಸಮಯ, ಒಂದು ಸಣ್ಣ ಬಜೆಟ್, ಮೌಲ್ಯಮಾಪನದಲ್ಲಿ ಒಂದು ಸಾಲು, ಇಷ್ಟನ್ನು ಇಲಾಖೆ ಬರಹದಲ್ಲಿ ಕೊಡಬೇಕು.

ಬರಹದಲ್ಲಿ ಯಾಕೆ ಅಂದರೆ, ಬರೀ ಒಳ್ಳೆಯ ಮನಸ್ಸಿನ ಮೇಲೆ ನಿಂತದ್ದು ಎಷ್ಟು ಬೇಗ ಹೋಗುತ್ತದೆ ಅಂತ ಅಮೆರಿಕದಲ್ಲಿ ನೋಡಿದ್ದೇವೆ. 2025ರ ಜನವರಿ 20ರಂದು ಹೊಸ ಅಧ್ಯಕ್ಷರು ವೈವಿಧ್ಯ ಮತ್ತು ಸಮಾನತೆಯ ಕಾರ್ಯಕ್ರಮಗಳನ್ನು ನಿಲ್ಲಿಸುವ ಆದೇಶಕ್ಕೆ ಸಹಿ ಹಾಕಿದರು. ಅದರ ಬೆನ್ನಿಗೇ ಹಲವು ಕೇಂದ್ರ ಸಂಸ್ಥೆಗಳಲ್ಲಿ ನೌಕರರ ಬಳಗಗಳು ಮುಚ್ಚಿದವು. ವರ್ಷಗಟ್ಟಲೆ ಕಟ್ಟಿದ್ದು ವಾರಗಳಲ್ಲಿ ಹೋಯಿತು.

ಕೆನಡಾದಲ್ಲಿ ಈಗ ಬಂದಿರುವ ಸಂಕಟ ಬೇರೆ ರೀತಿಯದು. 2025ರ ನವೆಂಬರ್ 4ರ ಬಜೆಟ್ ಪ್ರಕಾರ, 2023–24ರಲ್ಲಿ ಸುಮಾರು 3.68 ಲಕ್ಷ ಇದ್ದ ಕೇಂದ್ರ ನೌಕರರ ಸಂಖ್ಯೆ 2028–29ರ ಕೊನೆಗೆ 3.30 ಲಕ್ಷದಷ್ಟಕ್ಕೆ ಇಳಿಯಬೇಕು. ಇಂಥ ಕಡಿತದಲ್ಲಿ ಮೊದಲು ಹೋಗುವವರು ಕ್ಯಾಶುವಲ್ ಮತ್ತು ನಿಗದಿತ ಅವಧಿಯ ನೌಕರರು. ಕ್ಯಾಶುವಲ್ ಅಂದರೆ ಒಂದು ಇಲಾಖೆಯಲ್ಲಿ ವರ್ಷಕ್ಕೆ 90 ಕೆಲಸದ ದಿನ ಮಾತ್ರ. ಪಿಆರ್‌ಗಳಿಗೆ ಬಾಗಿಲು ತೆರೆದದ್ದು 2021ರಲ್ಲಿ. ಆ ಬಾಗಿಲಿನಿಂದ ಬಂದವರು ಹೊಸಬರಾದ್ದರಿಂದ ಇಂಥ ಹುದ್ದೆಗಳಲ್ಲಿ ಇರುವ ಸಾಧ್ಯತೆ ಜಾಸ್ತಿ. ಕಾಯಂ ಆದವರಿಗೂ ಪೂರ್ತಿ ನೆಮ್ಮದಿ ಇಲ್ಲ. ಒಂದೇ ಬಗೆಯ ಹತ್ತು ಹುದ್ದೆಗಳಲ್ಲಿ ಆರು ಉಳಿಸಬೇಕಾದರೆ, ಯಾರು ಉಳಿಯಬೇಕು ಅನ್ನುವುದಕ್ಕೆ ಮೌಲ್ಯಮಾಪನ ನಡೆಯುತ್ತದೆ. ಅಲ್ಲಿ ಮತ್ತೆ ಅದೇ ನಾನು ಮಾಡಿದೆ ಅನ್ನುವ ಭಾಷೆಯಲ್ಲಿ ತಮ್ಮ ಕೆಲಸವನ್ನು ಬರೆದು ಒಪ್ಪಿಸಬೇಕು.

ಈಗ ಬಳಗಗಳ ಮುಂದಿರುವ ಕೆಲಸ ಎರಡು. ಸದಸ್ಯರನ್ನು ಆ ಮೌಲ್ಯಮಾಪನಕ್ಕೆ ಈಗಿನಿಂದಲೇ ತಯಾರು ಮಾಡಬೇಕು, ಯೂನಿಯನ್ ಜೊತೆ ಸೇರಿ. ಇನ್ನೊಂದು, ಪ್ರತಿ ಇಲಾಖೆಯ ಮುಖ್ಯಸ್ಥರಿಗೂ ಪತ್ರ ಬರೆಯಬೇಕು: ಕಡಿತಕ್ಕೆ ಮೊದಲು ಮತ್ತು ನಂತರ, ಸ್ವಇಚ್ಛೆಯಿಂದ ಹೇಳಿಕೊಂಡ ನೌಕರರಲ್ಲಿ ಹೊರದೇಶದಲ್ಲಿ ಹುಟ್ಟಿದವರು ಎಷ್ಟು, ಹೊರದೇಶದಲ್ಲಿ ಓದಿದವರು ಎಷ್ಟು ಅಂತ ಎಣಿಸಿ ಪ್ರಕಟಿಸಿ. ಕಾನೂನು ಅದನ್ನು ಕಡ್ಡಾಯ ಮಾಡಿಲ್ಲ. ಹೆಸರು ಬಿಟ್ಟು, ಕೊಡಲು ಇಷ್ಟವಿರುವವರಿಂದ ಕೇಳಿ ಎಣಿಸಲು ಹೊಸ ಕಾಯ್ದೆಗೆ ಕಾಯಬೇಕಾಗಿಯೂ ಇಲ್ಲ. ಕಡಿತದ ಪತ್ರಗಳು ಕೈಸೇರಿದ ಮೇಲೆ ಎಣಿಸಲು ಹೊರಟರೆ, ಹೋದವರು ಆ ಎಣಿಕೆಯಲ್ಲಿ ಇರುವುದಿಲ್ಲ.